ನಕಲಿನಲ್ಲಿ ನುಸುಳಿದ ತಪ್ಪು

ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು ನನ್ನ ಕೆಲಸ. ಎಂಥಾ ತೋಳಾದರೂ ಒಂದೇ ಸಲಕ್ಕೆ ನರ ಹಿಡಿಯುತ್ತೇನೆ ಅಂತ ಸ್ವಲ್ಪ ಜಂಬವೂ ಇತ್ತು. ಆ ಜಂಬ ಇಳಿಸಿದವನು ಒಬ್ಬ ಹುಡುಗ.

ಹೋದ ಮಳೆಗಾಲದ ಮಾತು. ಹೊರಗೆ ಧೋ ಅಂತ ಮಳೆ. ಅವನ ತೋಳಿಗೆ ಪಟ್ಟಿ ಕಟ್ಟಿ ಮೊಣಕೈ ಒಳಗೆ ತಡವಿದೆ. ಗಟ್ಟಿ ಹುರಿಯ ಹಾಗೆ ಏನೋ ಬೆರಳಿಗೆ ಸಿಗುತ್ತದೆ, ಸೂಜಿ ಹಾಕಿದರೆ ರಕ್ತವೇ ಬರುವುದಿಲ್ಲ. ಎರಡು ಸಲ ಚುಚ್ಚಿ ಸೋತೆ. ಅವನೇ ಎಡಗೈ ಮಗುಚಿ, ‘ಅಲ್ಲಿ ಸಿಗಲ್ಲ ಅಕ್ಕ, ಇಲ್ಲಿ ನೋಡಿ, ಹೆಬ್ಬೆರಳ ಬುಡದಲ್ಲಿ’ ಅಂದ. ಅಲ್ಲಿ ಸಿಕ್ಕಿತು. ತನ್ನ ಯಾವ ನರ ಬತ್ತಿದೆ, ಯಾವುದು ಉಳಿದಿದೆ ಅಂತ ಇಷ್ಟು ಸರಿಯಾಗಿ ಗೊತ್ತಿರುವವರು ಯಾರು ಅಂತ ನನಗೆ ಆಗ ಹೊಳೆಯಿತು. ನಶೆಗೆ ಚುಚ್ಚಿಕೊಳ್ಳುವವರು.

ಅವನ ಊರು, ವಯಸ್ಸು, ಮನೆತನ ಕೇಳಬೇಡಿ, ನಾನು ಹೇಳುವುದಿಲ್ಲ. ದೊಡ್ಡ ಊರಿಗೆ ಕೆಲಸಕ್ಕೆ ಹೋಗಿದ್ದ, ಅಲ್ಲಿ ಅಭ್ಯಾಸ ಹತ್ತಿತು. ಲಿವರಿಗೆ ತಗುಲುವ ವೈರಸ್ ರೋಗ ಹೆಪಟೈಟಿಸ್ ಸಿ ಬಂತು, ಮಾತ್ರೆ ತಗೊಂಡ, ಗುಣವೂ ಆಯಿತು. ವೈರಸ್ ಇಲ್ಲ ಅಂತ ಬರೆದಿದ್ದ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದ. ಈಗ ಮತ್ತೆ ಸುಸ್ತು ಅಂತ ಬಂದಿದ್ದ.

ನಮ್ಮಲ್ಲಿ ಮೊದಲು ಮಾಡುವುದು ಕಾರ್ಡ್ ಟೆಸ್ಟ್. ಒಂದು ಹನಿ ರಕ್ತದ ತಿಳಿ, ಮೇಲೆ ಒಂದೆರಡು ಹನಿ ದ್ರಾವಣ, ಇಪ್ಪತ್ತು ನಿಮಿಷ ಕಾಯಬೇಕು. ಎರಡು ಗೆರೆ ಮೂಡಿದರೆ ಪಾಸಿಟಿವ್. ಅವನಿಗೆ ಎರಡು ಗೆರೆ ಬಂತು. ಅದರಿಂದ ಏನೂ ಹೇಳಲು ಬರುವುದಿಲ್ಲ. ಯಾಕೆಂದರೆ ಆ ಗೆರೆ ತೋರಿಸುವುದು ವೈರಸ್ಸನ್ನಲ್ಲ, ವೈರಸ್ ಬಂದಾಗ ಮೈ ತಯಾರು ಮಾಡಿದ ಪ್ರತಿಕಾಯವನ್ನು. ಗುಣವಾದವರಲ್ಲೂ ಅದು ವರ್ಷಗಟ್ಟಲೆ ಉಳಿಯುತ್ತದೆ. ಔಷಧಿಯೇ ಇಲ್ಲದೆ ತಾನಾಗಿ ವೈರಸ್ ಕಳೆದುಕೊಂಡವರಲ್ಲೂ ಇರುತ್ತದೆ, ಹಾಗೆ ಕಳೆದುಕೊಳ್ಳುವವರು ನಾಲ್ಕರಲ್ಲಿ ಒಬ್ಬರಾದರೂ ಇರುತ್ತಾರೆ. ಸುಮ್ನೆ ಕಾರ್ಡ್ ನೋಡಿ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಬೇರೆ ಬೆಂಚಿನಲ್ಲಿ ಕೂರಿಸುವವರು ಇದ್ದಾರೆ. ಇವನಿಗೂ ಬೇರೆಲ್ಲೋ ಹಾಗೆ ಮಾಡಿದ್ದರಂತೆ. ಪಕ್ಕದಲ್ಲಿ ಕೂತರೆ, ಒಂದೇ ಲೋಟದಲ್ಲಿ ಕಾಫಿ ಕುಡಿದರೆ ಬರುವ ರೋಗವಲ್ಲ ಇದು. ರಕ್ತಕ್ಕೆ ರಕ್ತ ತಾಗಬೇಕು.

ವೈರಸ್ ನಿಜವಾಗಿ ಇದೆಯಾ ಅಂತ ನೋಡಲು ಆರ್‌ಎನ್‌ಎ ಪರೀಕ್ಷೆ ಬೇಕು. ಇತ್ತು, ಜಾಸ್ತಿಯೇ ಇತ್ತು. ಹುಡುಗ ಕುಸಿದು ಹೋದ. ‘ಗುಣ ಆಗಿತ್ತಲ್ಲ ಅಕ್ಕ, ಮಾತ್ರೆ ಮೋಸ ಮಾಡ್ತಾ?’

ಡಾಕ್ಟರು ವೈರಸ್ಸಿನ ತಳಿ ಯಾವುದು ಅಂತ ನೋಡಲು ಸ್ಯಾಂಪಲನ್ನು ಹೊರಗೆ ಕಳಿಸಿದರು. ಈ ಪರೀಕ್ಷೆಯನ್ನು ಎಲ್ಲರಿಗೂ ಮಾಡುವುದಿಲ್ಲ, ಎರಡನೇ ಸಲ ಆದ್ದರಿಂದ ಮಾಡಿಸಿದರು. ಮೊದಲ ಸಲದ ರಿಪೋರ್ಟಿನಲ್ಲಿ ತಳಿ 3 ಅಂತಿತ್ತು. ಈಗ ಬಂದಿದ್ದು ತಳಿ 1. ಅಂದರೆ ಹಳೆಯ ವೈರಸ್ ಎಲ್ಲೂ ಅಡಗಿ ಕೂತಿರಲಿಲ್ಲ. ಮಾತ್ರೆ ತನ್ನ ಕೆಲಸ ಮಾಡಿತ್ತು. ಇದು ಹೊಸದು, ಬೇರೆ ಕಡೆಯಿಂದ ಬಂದದ್ದು.

ಒಂದೇ ಹೆಸರಿನ ವೈರಸ್ಸಿಗೆ ಇಷ್ಟು ತಳಿ ಯಾಕೆ ಅಂತ ಅವನು ಕೇಳಿದ. ನನಗೆ ನೆನಪಾಗಿದ್ದು ಕೆಳದಿ. ಸಾಗರದ ಹತ್ತಿರ ಕೆಳದಿಯ ಮ್ಯೂಸಿಯಂನಲ್ಲಿ ಓಲೆಗರಿಗಳಿವೆ, ನೋಡಿದ್ದೀರಾ? ಹಿಂದೆ ಒಂದು ಕಾವ್ಯ ಊರಿಂದೂರಿಗೆ ಹೋಗಬೇಕಾದರೆ ಯಾರೋ ಕೂತು ಕಂಟದಲ್ಲಿ ಕೊರೆದು ನಕಲು ಮಾಡಬೇಕಿತ್ತು. ನಕಲು ಮಾಡುವವನು ಒಂದು ಅಕ್ಷರ ಬಿಟ್ಟ ಅಂದುಕೊಳ್ಳಿ. ಅವನ ಪ್ರತಿ ನೋಡಿ ಬರೆದವನೂ ಅದನ್ನು ಬಿಡುತ್ತಾನೆ, ಜೊತೆಗೆ ತನ್ನದೊಂದು ತಪ್ಪು ಸೇರಿಸುತ್ತಾನೆ. ಹೀಗಾಗಿ ಹಸ್ತಪ್ರತಿ ಓದುವ ವಿದ್ವಾಂಸರು ತಪ್ಪುಗಳನ್ನು ಹೋಲಿಸಿಯೇ ಯಾವ ಪ್ರತಿಗೆ ಯಾವುದು ನಂಟು ಅಂತ ಹೇಳುತ್ತಾರೆ. ವೈರಸ್ ವಿಜ್ಞಾನಿಗಳು ಮಾಡುವುದೂ ಅದನ್ನೇ.

ಹೆಪಟೈಟಿಸ್ ಸಿ ವೈರಸ್ಸಿನ ಬರಹ ಅಂದರೆ ಅದರ ಆರ್‌ಎನ್‌ಎ, ಅದರಲ್ಲಿ ಇರುವುದು ಸುಮಾರು 9,600 ಅಕ್ಷರ. ರೋಗಿಯ ಲಿವರಿನಲ್ಲಿ ಒಂದು ದಿನಕ್ಕೆ ತಯಾರಾಗುವ ಪ್ರತಿಗಳು ಒಂದು ಲಕ್ಷ ಕೋಟಿ. ಬರೆದದ್ದನ್ನು ತಿದ್ದಿ ನೋಡುವ ವ್ಯವಸ್ಥೆ ಈ ವೈರಸ್ಸಿಗೆ ಇಲ್ಲ. ತಪ್ಪು ಬೀಳುತ್ತಲೇ ಹೋಗುತ್ತದೆ. ಹಾಗಾಗಿ ಒಬ್ಬನ ಮೈಯಲ್ಲೇ ಇರುವುದು ಒಂದು ವೈರಸ್ಸಲ್ಲ, ಚೂರು ಚೂರು ಬೇರೆಯಾದ ವೈರಸ್ಸುಗಳ ಸಂತೆ. ಹೀಗೆ ಎಷ್ಟೋ ಕಾಲ ಬೇರೆ ಬೇರೆ ಸೀಮೆಯಲ್ಲಿ ನಡೆದು ಈಗ 8 ಮುಖ್ಯ ತಳಿ, ಅದರೊಳಗೆ 90ಕ್ಕೂ ಜಾಸ್ತಿ ಉಪತಳಿ ಆಗಿವೆ. ಒಂದು ತಳಿಗೂ ಇನ್ನೊಂದಕ್ಕೂ ನೂರರಲ್ಲಿ ಮೂವತ್ತು ಅಕ್ಷರ ಬೇರೆ. ನಿಮಗೂ ನನಗೂ ಇರುವ ವ್ಯತ್ಯಾಸ ಸಾವಿರಕ್ಕೆ ಒಂದು ಅಕ್ಷರದಷ್ಟು, ಲೆಕ್ಕ ಹಾಕಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು 3, ಆಮೇಲೆ 1. ಈಶಾನ್ಯದ ಕಡೆ 6 ಕೂಡ ಇದೆ. ಎಂಟನೇ ತಳಿ ಮೊದಲು ಸಿಕ್ಕಿದ್ದು ಪಂಜಾಬ್ ಮೂಲದವರಲ್ಲಿ, 2018ರಲ್ಲಿ ಅದು ಬೆಳಕಿಗೆ ಬಂತು.

1989ರಲ್ಲಿ ಗುರುತಾದ ಈ ವೈರಸ್ಸಿಗೆ ಇವತ್ತಿಗೂ ಲಸಿಕೆ ಇಲ್ಲದಿರುವುದಕ್ಕೆ ಈ ವೇಷ ಬದಲಾವಣೆಯೇ ದೊಡ್ಡ ಕಾರಣ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮಗು ಹುಟ್ಟಿದ ತಕ್ಷಣ ಹಾಕುತ್ತಾರೆ. ಸಿಗೆ ಇಲ್ಲ. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುವ ಭರವಸೆಯೂ ಇಲ್ಲ. ನಮ್ಮ ಹುಡುಗನಿಗೆ ಇದನ್ನು ಮೊದಲ ಸಲವೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಆದರೆ ಅವನು ಒಂದು ಮಾತು ಬಿಡಲಿಲ್ಲ. ‘ನಾನು ಯಾರ ಸೂಜಿನೂ ಮುಟ್ಟಿಲ್ಲ ಅಕ್ಕ, ದೇವರಾಣೆ. ನನ್ನ ಸಿರಿಂಜು ನಂದೇ.’ ಸುಳ್ಳು ಹೇಳುತ್ತಿರಲಿಲ್ಲ. ನಿಧಾನವಾಗಿ ಕೇಳುತ್ತಾ ಹೋದೆ. ಪುಡಿ ಕರಗಿಸುವುದು ಯಾವುದರಲ್ಲಿ? ಒಂದೇ ಚಮಚ, ಮೂವರಿಗೆ. ಸೋಸಿಕೊಳ್ಳುವ ಹತ್ತಿ? ಅದೂ ಒಂದೇ ತುಂಡು. ಸಿರಿಂಜು ತೊಳೆಯುವ ನೀರು? ಒಂದೇ ಲೋಟ. ಅಲ್ಲಿಗೆ ಸಿಕ್ಕಿತು ನೋಡಿ. ಒಬ್ಬ ತನ್ನ ಹಳೆ ಸಿರಿಂಜನ್ನು ಆ ಚಮಚಕ್ಕೆ ಅದ್ದಿದರೆ ಸಾಕು. ಕಣ್ಣಿಗೆ ಕಾಣದಷ್ಟು ರಕ್ತ ಹತ್ತಿಯಲ್ಲಿ ಕೂತರೂ ಈ ವೈರಸ್ಸಿಗೆ ಸಾಕು. ಸೂಜಿ ಬಿಚ್ಚಿ ಹಾಕುವ ಜಾತಿಯ ಸಿರಿಂಜಿನ ಬುಡದಲ್ಲಿ ಒಂದಿಷ್ಟು ರಕ್ತ ನಿಂತುಬಿಡುತ್ತದೆ, ಅದರಲ್ಲಿ 63 ದಿನವಾದರೂ ಜೀವಂತ ವೈರಸ್ ಸಿಕ್ಕಿದ್ದಿದೆ. ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜಿನಲ್ಲಿ ಹಾಗೆ ನಿಲ್ಲುವುದು ಕಡಿಮೆ.

ಅಕ್ಷರ ಓದುವ ಈ ವಿದ್ಯೆಯಿಂದ ಏನು ಉಪಯೋಗ ಅಂತ ಕೇಳಿದರೆ ಅಮೆರಿಕದ ಒಂದು ಊರಿನ ಕಥೆ ಹೇಳಬೇಕು. ಇಂಡಿಯಾನ ರಾಜ್ಯದ ಆಸ್ಟಿನ್. ನಾಲ್ಕು ಸಾವಿರ ಚಿಲ್ಲರೆ ಜನ, ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು. 2014ರ ಕೊನೆಯಿಂದ ಅಲ್ಲಿ ಎಚ್‌ಐವಿ ಒಂದೇ ಸಮನೆ ಏರಿತು. ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದರು. ಒಂದು ವರ್ಷದೊಳಗೆ 181 ಮಂದಿ. 159 ಜನರ ವೈರಸ್ ಓದಿ ನೋಡಿದರೆ 157 ಜನರ ವೈರಸ್ ಒಂದೇ ಕುಟುಂಬದ್ದು. ಅಂದರೆ ಎಚ್‌ಐವಿ ಆ ಊರಿಗೆ ಹೊಸದಾಗಿ ಬಂದು ಕಾಳ್ಗಿಚ್ಚಿನ ಹಾಗೆ ಹರಡಿತ್ತು. ಅವರಲ್ಲಿ ನೂರಕ್ಕೆ 92 ಜನಕ್ಕೆ ಹೆಪಟೈಟಿಸ್ ಸಿ ಕೂಡ ಇತ್ತು, ಆದರೆ ಅದು ಒಂದೇ ಕುಟುಂಬದ್ದಲ್ಲ, ಹಲವು ತಳಿ, ಹಲವು ಬಳ್ಳಿ. ಅದು ವರ್ಷಗಳಿಂದ ಬೇರೆ ಬೇರೆ ದಾರಿಯಲ್ಲಿ ಬಂದು ಊರಲ್ಲಿ ಬೇರು ಬಿಟ್ಟಿತ್ತು. ಸಿ ಇಷ್ಟೊಂದು ಇದೆ ಅಂದರೆ ಸೂಜಿ ಕೈ ಬದಲಾಗುತ್ತಿದೆ ಅಂತಲೇ ಅರ್ಥ, ಎಚ್‌ಐವಿ ಬಂದ ದಿನ ಹಿಡಿಯಲಾಗದು ಅಂತ ಮೊದಲೇ ಗೊತ್ತಾಗಬೇಕಿತ್ತು. ಆ ರಾಜ್ಯದಲ್ಲಿ ಹೊಸ ಸಿರಿಂಜು ಹಂಚುವುದಕ್ಕೇ ಕಾನೂನಿನ ಅಡ್ಡಿ ಇತ್ತು. 2015ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಅಂತ ಘೋಷಿಸಿ ಹಂಚಲು ಬಿಟ್ಟರು. ಮನೆ ಹತ್ತಿ ಉರಿಯುವಾಗ ಬಾವಿ ತೋಡಿದ ಹಾಗೆ.

ನಮ್ಮ ದೇಶದ ಕಥೆಯೂ ಇದೆ. ನಮ್ಮಲ್ಲಿ ಎಚ್‌ಐವಿ ಅಂದರೆ ಬಹುಪಾಲು ಸಿ ಅನ್ನುವ ಉಪತಳಿ (ಇದು ಹೆಪಟೈಟಿಸ್ ಸಿ ಅಲ್ಲ, ಎಚ್‌ಐವಿಯದೇ ಕವಲು). ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಮಾತ್ರ ಥಾಯ್ಲೆಂಡ್ ಕಡೆಯ ಬಿ ಉಪತಳಿಯೂ ಸಿಕ್ಕಿತು, ಎರಡೂ ಬೆರೆತದ್ದೂ ಸಿಕ್ಕಿತು. ಬೆರೆಯುವುದು ಹೇಗೆ ಅಂದರೆ, ಒಬ್ಬನಿಗೆ ಎರಡೂ ತಗುಲಿ, ನಕಲುಗಾರನ ಮುಂದೆ ಎರಡು ಓಲೆಕಟ್ಟು ತೆರೆದಿಟ್ಟಂತೆ ಆಗುತ್ತದೆ. ಅರ್ಧ ಇದರಿಂದ, ಅರ್ಧ ಅದರಿಂದ ಬರೆಯುತ್ತಾನೆ. ಗಡಿಯಾಚೆ ಚೀನಾದ ಯುನಾನ್‌ನಲ್ಲೂ ಇಂಥದ್ದೇ ಬೆರಕೆ ಹುಟ್ಟಿ ಹರಡಿತು, ಅದರಲ್ಲಿನ ಸಿ ಭಾಗ ನಮ್ಮ ದೇಶದ ಸಿಗೆ ಹತ್ತಿರದ್ದು. ಹೆರಾಯಿನ್ ಸಾಗಿದ ದಾರಿಯನ್ನು ವೈರಸ್ ತನ್ನ ಅಕ್ಷರದಲ್ಲೇ ಬರೆದಿಟ್ಟುಕೊಂಡಿದೆ.

ಇಲ್ಲಿ ಒಂದು ಎಚ್ಚರಿಕೆ. ಹುಡುಗ ಕೊನೆಗೆ ಕೇಳಿದ್ದು ಅದನ್ನೇ. ‘ಹಂಗಾದ್ರೆ ಇದನ್ನ ನಂಗೆ ಕೊಟ್ಟೋನು ಯಾರು ಅಂತ ಹೇಳ್ಬಹುದಲ್ಲ?’ ಒಬ್ಬ ಗೆಳೆಯನ ಮೇಲೆ ಅನುಮಾನ, ಮುಖ ಕೆಂಪಾಗಿತ್ತು. ‘ಇಲ್ಲ ಮಾರಾಯ’ ಅಂದೆ. ಇಬ್ಬರ ವೈರಸ್ ಹತ್ತಿರದ್ದು ಅಂತ ಹೇಳಬಹುದು. ಇವನಿಂದ ಅವನಿಗಾ, ಅವನಿಂದ ಇವನಿಗಾ, ಅಥವಾ ಇಬ್ಬರಿಗೂ ಮೂರನೆಯವನಿಂದಾ ಅಂತ ಅಷ್ಟರಿಂದಲೇ ಖಾತ್ರಿ ಹೇಳಲಾಗದು. ನಡುವಿನ ಎಷ್ಟೋ ಓಲೆ ಕಳೆದುಹೋಗಿರುತ್ತವೆ. ಈ ವಿದ್ಯೆ ಪೊಲೀಸರ ಕೈಗೆ ಸಿಕ್ಕರೆ ಪರೀಕ್ಷೆಗೆ ಒಬ್ಬರೂ ಬರುವುದಿಲ್ಲ, ಇದು ನನ್ನ ಸ್ವಂತ ಅಭಿಪ್ರಾಯ. 2017ರ ಎಚ್‌ಐವಿ ಕಾಯ್ದೆಯಲ್ಲಿ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಬಿಡಬಾರದು, ಸೋಂಕು ತಡೆಯಲು ಹೊಸ ಸಿರಿಂಜು ಕೊಟ್ಟರೆ ಅದು ಅಪರಾಧವಲ್ಲ ಅಂತ ಬರೆದಿದ್ದಾರೆ. ಒಳ್ಳೆ ಕೆಲಸ.

ಮಲೆನಾಡಿನಲ್ಲಿ ಇದೆಲ್ಲಾ ಎಲ್ಲಿದೆ ಅನ್ನುತ್ತೀರಾ? 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ನಮ್ಮ ಹುಡುಗರು ಓದಲು, ದುಡಿಯಲು ಹೋಗದ ಊರಿಲ್ಲ. ಮಂಗನ ಕಾಯಿಲೆ ಬಂದಾಗ ಉಣುಗು ಎಲ್ಲಿದೆ ಅಂತ ಕಾಡೆಲ್ಲಾ ಹುಡುಕುತ್ತೇವಲ್ಲ, ಇದರಲ್ಲಿ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇವೆ. ಕಾಮಾಲೆ ಕಾಣದೇ ಇದ್ದರೆ ಲಿವರ್ ಚೆನ್ನಾಗಿದೆ ಅಂತಲೂ ಅಂದುಕೊಳ್ಳುತ್ತೇವೆ. ಹೆಪಟೈಟಿಸ್ ಸಿ ಬಂದ ಹೆಚ್ಚಿನವರ ಕಣ್ಣು ಹಳದಿ ಆಗುವುದೇ ಇಲ್ಲ, ಇಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ಕೆಲವರ ಲಿವರ್ ಗಟ್ಟಿಯಾಗುತ್ತದೆ.

ಒಂದು ಸಮಾಧಾನ ಏನೆಂದರೆ, ತಳಿ ಯಾವುದೇ ಇರಲಿ, ಈಗಿನ ಮಾತ್ರೆ ಸಾಮಾನ್ಯವಾಗಿ 12 ವಾರಕ್ಕೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರನ್ನು ಗುಣ ಮಾಡುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅದು ಉಚಿತ. ಚುಚ್ಚಿಕೊಳ್ಳುವುದನ್ನು ಬಿಡಲು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಬುಪ್ರೆನಾರ್ಫಿನ್ ಮಾತ್ರೆಯೂ ಇದೆ, ಎಲ್ಲಿ ಸಿಗುತ್ತದೆ ಅಂತ 1097ಕ್ಕೆ ಫೋನ್ ಮಾಡಿ ಕೇಳಬಹುದು.

ಹುಡುಗ ಎರಡನೇ ಸಲದ 12 ವಾರ ಮುಗಿಸಿದ್ದಾನೆ. ಮುಗಿಸಿ ಮತ್ತೆ 12 ವಾರ ಬಿಟ್ಟು ರಕ್ತ ನೋಡಬೇಕು, ಆಗ ವೈರಸ್ ಇಲ್ಲದಿದ್ದರೆ ಗುಣ ಅಂತ ಲೆಕ್ಕ. ಮೊನ್ನೆ ಫೋನ್ ಮಾಡಿದ್ದ. ಅಡಿಕೆ ಕೊಯ್ಲು ಮುಗಿಸಿಕೊಂಡು ಬರುತ್ತಾನಂತೆ. ‘ಅಕ್ಕ, ಈ ಸಲ ಬಲಗೈಲೂ ಒಂದು ನರ ಎದ್ದಿದೆ’ ಅಂದ.