ಗೆಜ್ಜೆ ಕಟ್ಟುವ ಮುಂಚೆ

ಬಾಗಲಕೋಟೆಯ ಶಿಕ್ಷಕ ಬಂಧುಗಳಿಗೆ, ಪಾಲಕರಿಗೆ, ಹೈಸ್ಕೂಲಿನ ಮಕ್ಕಳಿಗೆ ಶರಣು ಶರಣಾರ್ಥಿ.

ಜೂನ್‌ನಲ್ಲಿ ಭರತನಾಟ್ಯಕ್ಕೆ ಸೇರಿದ ಮಗು ಡಿಸೆಂಬರಿನ ಗ್ಯಾದರಿಂಗ್‌ಗೆ ಸ್ಟೇಜ್ ಹತ್ತಲೇಬೇಕು ಎಂಬ ಅವಸರ ನಮ್ಮಲ್ಲಿದೆ. ಹಾಗಾಗಿ ಆರು ತಿಂಗಳೂ ಒಂದೇ ಹಾಡಿನ ತಾಲೀಮು, ಮರುವರ್ಷ ಇನ್ನೊಂದು ಹಾಡು. ಹತ್ತನೆಯ ತರಗತಿ ಮುಗಿಯುವಾಗ ಮೂರು ಹಾಡು ಬಂದಿರುತ್ತವೆ, ಅರ್ಧ ಕೂತ ಮೂಲ ನಿಲುವಾದ ಅರಮಂಡಿ ಬಂದಿರುವುದಿಲ್ಲ. ಈ ಮೂರು ವರ್ಷದಲ್ಲಿ ಹಾಡು ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲ. ಅರಮಂಡಿ, ತಾಳ, ಅಡವು (ಕೈಕಾಲು ಸೇರಿದ ಮೂಲ ಹೆಜ್ಜೆಗಳು) ಗಟ್ಟಿಯಾಗಬೇಕು.

ಮೊದಲು ಅರಮಂಡಿ. ಪಾದ ಹೊರಮುಖ, ಹಿಮ್ಮಡಿಗಳು ಹತ್ತಿರ, ಮೊಣಕಾಲು ಎರಡೂ ಬದಿಗೆ ಮಡಿಸಿ, ಬೆನ್ನು ನೆಟ್ಟಗೆ. ಹೇಳುವಾಗ ಸರಳ, ಆದರೆ ಎಡವಟ್ಟು ಪಾದದಲ್ಲೇ ಶುರುವಾಗುತ್ತದೆ. ಕಾಲು ಹೊರಳಬೇಕಾದದ್ದು ತೊಡೆಯ ಬುಡದ ಕೀಲಿನಿಂದ. ಅಲ್ಲಿ ಬಿಗಿಯಿರುವ ಮಗು ಬರೀ ಪಾದವನ್ನು ಬಲವಂತವಾಗಿ ತಿರುಗಿಸುತ್ತದೆ. ಪಾದ ಹೊರಗೆ, ಮೊಣಕಾಲು ಒಳಗೆ. ಆ ತಿರುಚೆಲ್ಲ ಮೊಣಕಾಲಿನ ಒಳಬದಿಯ ಮೇಲೆ ಬೀಳುತ್ತದೆ, ನೋವು ಅಲ್ಲೇ ಕಾಣಿಸಿಕೊಳ್ಳುತ್ತದೆ. ಕಂಡುಹಿಡಿಯುವುದು ಸುಲಭ: ಮಂಡಿ ಮಡಿಸಿದಾಗ ಮೊಣಕಾಲು ಪಾದದ ಎರಡನೆಯ ಬೆರಳಿನ ನೇರಕ್ಕೆ ಬರಬೇಕು. ಬರದಿದ್ದರೆ ಪಾದದ ತಿರುವನ್ನೇ ಕಡಿಮೆ ಮಾಡಿಸಿ. ಇನ್ನೊಂದು ತಪ್ಪು, ಆಳಕ್ಕೆ ಕೂರುವ ಆಸೆಯಿಂದ ಎದೆ ಮುಂದೆ ಬಾಗಿಸಿ ಹಿಂಭಾಗ ಚಾಚುವುದು. ಗೋಡೆಗೆ ಬೆನ್ನು ತಾಗಿಸಿ ಇಳಿಸಿದರೆ ಮಗುವಿಗೇ ಗೊತ್ತಾಗುತ್ತದೆ. ಮೊದಲ ವಾರಗಳಲ್ಲಿ ಎಂಟು ಅಕ್ಷರ (ತಾಳದ ಎಣಿಕೆ) ಕೂತು ಎಂಟು ಅಕ್ಷರ ನೇರ ನಿಲ್ಲಲಿ. ಹೀಗೆ ನಾಲ್ಕು ಸುತ್ತು ಸಾಕು.

ಈ ವಯಸ್ಸಿನಲ್ಲಿ ಎತ್ತರ ಸರ್ರನೆ ಏರುತ್ತದೆ. ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬು ಮೂಳೆಯ ಹತ್ತಿರ ನೋವು ಎಂದರೆ ಸೋಮಾರಿತನ ಎಂದು ಗದರಬೇಡಿ. ಬೆಳೆಯುವ ಮೂಳೆಯನ್ನು ತೊಡೆಯ ಸ್ನಾಯು ಮತ್ತೆ ಮತ್ತೆ ಎಳೆದಾಗ ಹಾಗಾಗುತ್ತದೆ. ಜಿಗಿಯುವ ಅಡವು, ಪೂರ್ತಿ ಕೆಳಗೆ ಕೂರುವ ಪೂರ್ಣಮಂಡಿ ಎರಡನ್ನೂ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಆ ದಿನಗಳಲ್ಲಿ ಮಗು ಕೂತು ತಾಳ ಹಾಕಲಿ, ಅದೂ ಕಲಿಕೆಯೇ.

ನೆಲದ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಶಾಲೆಗಳಲ್ಲಿ ಇರುವುದು ಶಹಾಬಾದ್ ಫರಸಿ, ಸಿಮೆಂಟು, ಇಲ್ಲವೇ ಟೈಲ್ಸ್. ಮೂರೂ ಹೊಡೆತವನ್ನು ಹೀರುವುದಿಲ್ಲ, ಕಾಲಿಗೇ ವಾಪಸ್ ಕೊಡುತ್ತವೆ. ಮುಂಗಾಲ ಮೂಳೆ ನೋಯುವುದು ಅದಕ್ಕೇ. ಮೇಲೆ ಜಮಖಾನೆ ಹಾಸಿದರೆ ಜಾರುತ್ತದೆ, ಹಾಸಬೇಡಿ. ಜೋರಾಗಿ ಕುಟ್ಟುವುದನ್ನು ಬಿಡಿಸಿ, ಅಂಗಾಲು ಪೂರ್ತಿ ಒಟ್ಟಿಗೆ ಬೀಳುವುದನ್ನು ಕಲಿಸಿ. ಸರಿಯಾಗಿ ತಟ್ಟಿದರೆ ಒಂದೇ ಸದ್ದು. ಎರಡು ಸದ್ದು ಕೇಳಿದರೆ ಹಿಮ್ಮಡಿ ಮೊದಲು ಬಿದ್ದು ಬೆರಳು ಆಮೇಲೆ ಬಿದ್ದಿದೆ ಎಂದರ್ಥ.

ಇನ್ನು ತಾಳ. ಈ ಸೀಮೆಯ ಮಕ್ಕಳ ಕಿವಿಗೆ ಲಯ ಹೊಸದಲ್ಲ. ಭಜನೆಯ ತಬಲಾ, ಕರಡಿ ಮಜಲು, ಶ್ರೀಕೃಷ್ಣ ಪಾರಿಜಾತದ ಹಾಡು ಕೇಳಿಯೇ ಬೆಳೆದವರು. ಹೊಸದು ಕೈಲೆಕ್ಕ. ಆದಿತಾಳಕ್ಕೆ ಎಂಟು ಅಕ್ಷರ: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು; ಆಮೇಲೆ ಎರಡು ಸಲ ಪೆಟ್ಟು ಮತ್ತು ಕೈ ಹೊರಳಿಸುವುದು. ಹಿಂದೂಸ್ತಾನಿಯ ತೀನ್‌ತಾಲ್ ಬಲ್ಲ ಮಗು ಈ ಹೊರಳಿಕೆಯನ್ನು ಖಾಲಿ (ಪೆಟ್ಟಿಲ್ಲದೆ ಕೈ ಬೀಸುವ ಜಾಗ) ಎಂದುಕೊಳ್ಳಬಹುದು. ತೀನ್‌ತಾಲ್‌ನ ಹದಿನಾರು ಮಾತ್ರೆಯಲ್ಲಿ ಖಾಲಿ ಬೀಳುವುದು ಒಂಬತ್ತರ ಮೇಲೆ, ಇಲ್ಲಿನ ಲೆಕ್ಕ ಬೇರೆ ಎಂದು ಮೊದಲೇ ಬಿಡಿಸಿ ಹೇಳಿ.

ಬಾಯಲ್ಲಿ ಸೊಲ್ಲು (ಹೆಜ್ಜೆಗೆ ಹೇಳುವ ಲಯದ ಮಾತು), ಕೈಯಲ್ಲಿ ತಾಳ, ಆಮೇಲೆ ಕಾಲು. ಈ ಅನುಕ್ರಮ ತಪ್ಪಬಾರದು. ಪಾದ ತಟ್ಟುವ ಮೊದಲ ಅಡವಾದ ತಟ್ಟಡವಿನ ‘ತೈಯಾ ತೈ’ ಅನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹೇಳಿದ ಮೇಲೆಯೇ ಕಾಲು ಎತ್ತಲಿ: ಅಕ್ಷರಕ್ಕೆ ಒಂದು ತಟ್ಟು, ಆಮೇಲೆ ಎರಡು, ಆಮೇಲೆ ನಾಲ್ಕು. ಎರಡನೆಯ ಕಾಲಕ್ಕೆ ಬಂದಾಗ ಮಕ್ಕಳು ತಾಳವನ್ನೇ ಓಡಿಸುತ್ತಾರೆ. ಕಾಲು ದುಪ್ಪಟ್ಟಾಗಬೇಕು, ತಾಳ ಅಲ್ಲಾಡಬಾರದು. ಒಬ್ಬರು ಗಟ್ಟಿಯಾಗಿ ತಾಳ ಹಾಕಲಿ, ಉಳಿದವರು ಕುಣಿಯಲಿ, ಸರದಿ ಬದಲಾಗಲಿ. ಮೊಬೈಲಿನ ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿ ಇಟ್ಟುಕೊಂಡರೂ ನಡೆದೀತು. ಮೂರನೆಯ ಕಾಲದಲ್ಲಿ ಅರಮಂಡಿ ಮೇಲೇಳುತ್ತದೆ. ಎದ್ದರೆ ಎರಡನೆಯ ಕಾಲಕ್ಕೇ ಹಿಂತಿರುಗಿ.

ಎಂಟನೆಯ ತರಗತಿಯಲ್ಲಿ ತಟ್ಟಡವು, ಕಾಲು ಚಾಚಿ ಹಿಮ್ಮಡಿ ಊರುವ ನಾಟ್ಟಡವು, ಒಂಬತ್ತರಲ್ಲಿ ಉಳಿದ ಅಡವುಗಳು. ಗೆಜ್ಜೆ ಎರಡನೆಯ ಕಾಲ ಸ್ಥಿರವಾದ ಮೇಲೆ. ಬೇಗ ಕಟ್ಟಿದರೆ ಅದರ ಸದ್ದಿನಲ್ಲಿ ಹೆಜ್ಜೆಯ ತಪ್ಪು ಮುಚ್ಚಿಹೋಗುತ್ತದೆ.

ಹಸ್ತಗಳನ್ನು ಆತುರದಿಂದ ಬಾಯಿಪಾಠ ಮಾಡಿಸಬೇಡಿ. ನೃತ್ಯದ ಹಳೆಯ ಗ್ರಂಥ ಅಭಿನಯ ದರ್ಪಣದಲ್ಲಿ ಅಸಂಯುತ, ಅಂದರೆ ಒಂದೇ ಕೈಯ ಹಸ್ತಗಳು 28. ವಾರಕ್ಕೆ ನಾಲ್ಕು ಸಾಕು. ಬೆರಳು ಕೂಡಿಸಿ ನೆಟ್ಟಗೆ ಹಿಡಿಯುವ ಪತಾಕದಲ್ಲಿ ಕಿರುಬೆರಳು ಸಡಿಲವಾಗುತ್ತದೆ, ಹೆಬ್ಬೆರಳು ಮಡಚುವುದು ಮರೆಯುತ್ತದೆ. ಕೈ ಚಾಚಿದಾಗ ಮೊಣಕೈ ಜೋತುಬೀಳುವುದನ್ನೂ ಗಮನಿಸಿ. ಅದು ಭುಜದ ಮಟ್ಟದಲ್ಲೇ ಇರಬೇಕು.

ನಮ್ಮ ಜಿಲ್ಲೆಯ ಭಾಗ್ಯವನ್ನು ಬಳಸಿಕೊಳ್ಳೋಣ. ಬಾದಾಮಿಯ ಮೊದಲನೆಯ ಗುಹೆಯಲ್ಲಿ 18 ತೋಳಿನ ನಟರಾಜ, ಐಹೊಳೆಯ ರಾವಣಫಡಿಯಲ್ಲಿ ಸಪ್ತಮಾತೃಕೆಯರ ಜೊತೆ ಹತ್ತು ತೋಳಿನ ಶಿವ. ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ. ಯಾವ ಕಾಲಿನ ಮೇಲೆ ಭಾರವಿದೆ, ಸೊಂಟ ಎತ್ತ ವಾಲಿದೆ, ಗುರುತು ಹಿಡಿಯಬಲ್ಲ ಹಸ್ತ ಯಾವುದು, ಬರೆದುಕೊಳ್ಳಲಿ. ಆದರೆ ಈ ಶಿಲ್ಪಗಳೇ ಭರತನಾಟ್ಯ ಎಂದು ಹೇಳಬೇಡಿ. ಇಂದಿನ ನೃತ್ಯ ಕಛೇರಿಯ (ಪ್ರದರ್ಶನದ) ಕ್ರಮ ರೂಪುಗೊಂಡದ್ದು 19ನೇ ಶತಮಾನದಲ್ಲಿ, ತಂಜಾವೂರಿನ ನಾಲ್ವರು ಸೋದರರಿಂದ.

ಗಂಡುಮಕ್ಕಳನ್ನೂ ಕರೆಯಿರಿ. ದೊಡ್ಡಾಟದ ನಾಡಿದು, ಗಂಡಸು ಕುಣಿದರೆ ನಗುವ ಊರಲ್ಲ.

ಹತ್ತನೆಯ ತರಗತಿಗೆ ಒಂದೇ ಗುರಿ ಇಡಿ: ತಿಶ್ರ ಅಲರಿಪು, ಅಂದರೆ ಮೂರರ ಎಣಿಕೆಯಲ್ಲಿ ಕುಣಿಯುವ, ಕಛೇರಿಯ ಮೊದಲ ನೃತ್ಯ. ಕಣ್ಣು, ಕತ್ತು, ಭುಜದಿಂದ ಶುರುವಾಗಿ ಸಮಪಾದ (ನೇರ ನಿಲುವು), ಅರಮಂಡಿ, ಪೂರ್ಣಮಂಡಿ ಮೂರೂ ಕೆಲವೇ ನಿಮಿಷದಲ್ಲಿ ಬಂದುಹೋಗುತ್ತವೆ, ತಪ್ಪು ಅಡಗಲು ಜಾಗವಿಲ್ಲ. ಎಸ್‌ಎಸ್‌ಎಲ್‌ಸಿ ಓದಿನ ತಿಂಗಳುಗಳಲ್ಲಿ ಅಭ್ಯಾಸ ಪೂರ್ತಿ ಬಿಡಿಸಬೇಡಿ, ಬೇಸಿಗೆಯ ಬಿಸಿಲೇರುವ ಮುಂಚೆ ಬೆಳಿಗ್ಗೆ ಇಪ್ಪತ್ತು ನಿಮಿಷ ಇರಲಿ: ಐದು ನಿಮಿಷ ಮೈ ಸಡಿಲಿಸುವುದು, ಹತ್ತು ನಿಮಿಷ ತಟ್ಟಡವು ಎರಡು ಕಾಲದಲ್ಲಿ, ಐದು ನಿಮಿಷ ಕೂತು ಸೊಲ್ಲು ಹೇಳುವುದು.