ಗುರುತು ಹಾಕದೆ ಶಾಫ್ಟ್ ಬಿಚ್ಚಬೇಡಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಹಾಲು, ಮೇವು, ತರಕಾರಿ ಹೊರುವ ಪಿಕಪ್ ಇಟ್ಟುಕೊಂಡು, ಅದರ ರಿಪೇರಿಯನ್ನು ಮನೆ ಮುಂದೆಯೇ ಮಾಡಿಕೊಳ್ಳುವ ಅಣ್ಣತಮ್ಮಂದಿರಿಗೆ ಈ ಮಾತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ವರೆಗೆ ಗಾಡಿಯ ಹೊಟ್ಟೆಯಡಿ ಉದ್ದಕ್ಕೆ ಒಂದು ಕೊಳವೆ ತಿರುಗುತ್ತದಲ್ಲ, ಅದೇ ಪ್ರೊಪೆಲ್ಲರ್ ಶಾಫ್ಟ್. ಅದರ ತುದಿಗಳಲ್ಲಿ, ಬಾಗಿದರೂ ತಿರುಗುವಂತೆ ಕೂಡಿಸುವ ನಾಲ್ಕು ತೋಳಿನ ತುಂಡೇ ಕ್ರಾಸ್. ಅದು ಸವೆದರೆ ಶಾಫ್ಟ್ ಬಿಚ್ಚಲೇಬೇಕು. ಬಿಚ್ಚಿ, ಆದರೆ ಮೊದಲು ಗುರುತು ಹಾಕಿ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಡಿ. ಗೇರಿನಲ್ಲಿದೆ, ಉರುಳುವುದಿಲ್ಲ ಅಂತ ನಂಬಿ ಕೆಳಗೆ ಮಲಗಬೇಡಿ. ಶಾಫ್ಟ್ ಕಳಚಿದ ಕ್ಷಣ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಈಗ ಬಿಳಿ ಪೇಂಟ್ ತಗೊಳ್ಳಿ. ಸೀಮೆಸುಣ್ಣ ಬೇಡ, ಎಣ್ಣೆ ಕೈ ತಾಗಿದರೆ ಹೋಗುತ್ತದೆ. ಬೋಲ್ಟು ಹಾಕಿ ಕೂಡಿಸುವ ಬಿಲ್ಲೆಗಳಿವೆಯಲ್ಲ, ಫ್ಲ್ಯಾಂಜ್, ಹಿಂದೆ ಹೌಸಿಂಗ್ ಫ್ಲ್ಯಾಂಜಿಗೂ ಶಾಫ್ಟಿನ ಫ್ಲ್ಯಾಂಜಿಗೂ ಸೇರಿಸಿ ಒಂದು ಗೆರೆ. ಮುಂದಿನ ಫ್ಲ್ಯಾಂಜಿಗೂ ಹಾಗೇ. ನಡುವೆ ಶಾಫ್ಟಿನ ಒಂದು ತುಂಡು ಇನ್ನೊಂದರೊಳಗೆ ಹಲ್ಲು ಕೂಡಿಸಿ ಜಾರುವ ಜಾಗವಿದೆಯಲ್ಲ, ಸ್ಪ್ಲೈನ್, ಅಲ್ಲಿ ತಪ್ಪದೆ ಒಂದು ಗೆರೆ.

ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಹೊರುವ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಕ್ಲಚ್ ಬಿಟ್ಟಾಗಲೆಲ್ಲ ಗಾಡಿಯಡಿ ಟಕ್ ಅನ್ನುತ್ತಿತ್ತಂತೆ. ಕ್ರಾಸ್ ಹೋಗಿದೆ ಅಂತ ಸರಿಯಾಗೇ ಗುರುತಿಸಿ, ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಶಾಫ್ಟ್ ಇಳಿಸಿ, ಹೊಸ ಕ್ರಾಸ್ ಹಾಕಿದ್ದಾನೆ. ಕೈಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ನಾನು ಒಪ್ಪುತ್ತೇನೆ. ಟಕ್ ನಿಂತಿತು, ಆದರೆ 50 ದಾಟಿದರೆ ಇಡೀ ಗಾಡಿ ಗಡಗಡ. ಟಯರ್ ಇರಬೇಕು ಅಂತ ವೀಲ್ ಬ್ಯಾಲೆನ್ಸ್ ಮಾಡಿಸಿದ. ಹೋಗಲಿಲ್ಲ. ಟಯರ್ ಅದಲುಬದಲು ಮಾಡಿದ. ಯಾರೋ ಹೇಳಿದರು ಅಂತ ಗೇರ್‌ಬಾಕ್ಸ್ ಮೌಂಟಿಂಗ್ ಬದಲಿಸಿದ. ಮೂರು ವಾರ ಹೀಗೇ ಓಡಿಸಿ, ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ರಬ್ಬರೂ ಹರಿಯಿತು. ಲೋಡಿನ ಕೆಳಗಿನ ಸಾಲಿನ ಹಣ್ಣು ಜಜ್ಜಿ ರೇಟೂ ಸಿಗಲಿಲ್ಲ. ನಾನು ಗಾಡಿಯಡಿ ಮಲಗಿ, ಸೀಮೆಎಣ್ಣೆ ಬಟ್ಟೆಯಲ್ಲಿ ಸ್ಪ್ಲೈನ್ ಒರೆಸಿದೆ. ಜಿಡ್ಡಿನಡಿ ಕಂಪನಿಯವರೇ ಹೊಡೆದ ಎರಡು ಬಾಣದ ಗುರುತು! ಒಂದಕ್ಕೊಂದು ಎದುರಿರಬೇಕಾದವು ಅತ್ತಿತ್ತ ಸರಿದಿದ್ದವು. ಕಳಚಿ, ಬಾಣಕ್ಕೆ ಬಾಣ ಕೂಡಿಸಿ, ಹರಿದಿದ್ದ ಬೇರಿಂಗ್ ಬದಲಿಸಿದೆ. 70ರಲ್ಲೂ ಗಾಡಿ ಅಲುಗಲಿಲ್ಲ. ಹುಡುಗ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತುಬಿಟ್ಟ.

ಕಾರಣ ಇಷ್ಟೇ. ಬಾಗಿದ ಕೋನದಲ್ಲಿ ತಿರುಗುವ ಕ್ರಾಸ್ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸುತ್ತದೆ, ಎರಡು ಸಲ ತಗ್ಗಿಸುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸಬೇಕು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಸರದಿ ತಪ್ಪಿದರೆ ಏನಾಗುತ್ತದೆ? ಇಲ್ಲೂ ಅದೇ. ನಿಮಿಷಕ್ಕೆ 2400 ಸುತ್ತು ಅಂದರೆ ಸೆಕೆಂಡಿಗೆ 40 ಸುತ್ತು. ಸ್ಪ್ಲೈನಿನಲ್ಲಿ ಒಂದು ಹಲ್ಲು ತಪ್ಪಿದರೂ ಎರಡು ಕ್ರಾಸುಗಳ ಸರದಿ ತಪ್ಪುತ್ತದೆ, ಶಾಫ್ಟ್ ಸುಮ್ಮನಿರುವುದಿಲ್ಲ. ಶಾಫ್ಟಿಗೆ ಅಲ್ಲಲ್ಲಿ ಬೆಸೆದ ಸಣ್ಣ ತಗಡಿನ ತುಂಡುಗಳು ಬ್ಯಾಲೆನ್ಸಿನವು. ತುಕ್ಕು ಅಂತ ಉಳಿಯಿಂದ ಎಬ್ಬಿಸಿದವರನ್ನೂ ನೋಡಿದ್ದೇನೆ. ದಯವಿಟ್ಟು ಅವನ್ನು ಮುಟ್ಟಬೇಡಿ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು ತುದಿ ಕಳಚಿದಾಗ ಶಾಫ್ಟನ್ನು ಜೋತಾಡಲು ಬಿಡಬೇಡಿ, ಹಗ್ಗದಲ್ಲಿ ಚಾಸಿಗೆ ಕಟ್ಟಿ. ಕ್ರಾಸಿನ ತೋಳುಗಳ ತುದಿಯ ಬಟ್ಟಲುಗಳಿಗೆ ಟೇಪ್ ಸುತ್ತಿ, ಒಳಗಿನ ಸೂಜಿ ಬೇರಿಂಗ್ ಉದುರಿದರೆ ಮಣ್ಣಲ್ಲಿ ಸಿಗುವುದಿಲ್ಲ. ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿ, ಹೊಸ ಲಾಕ್‌ನಟ್ಟು ಹಾಕಿ, ಎದುರುಬದುರು ಬಿಗಿಯಿರಿ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಖಾಲಿ ಗಾಡಿಯನ್ನು 10 ಕಿಲೋಮೀಟರ್ ಓಡಿಸಿ ಬಂದು, ನಟ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಆಮೇಲೆ ಲೋಡ್ ತುಂಬಿ.

ನಮಸ್ಕಾರ.