ಕೆಸರಲ್ಲಿ ಸಿಕ್ಕ ಒಡವೆ

ನಮಸ್ಕಾರ ಕೇಳುಗರೇ. ನಮ್ಮಲ್ಲಿ ಒಡವೆ ಅಂದ್ರೆ ಮೊದಲು ಕೇಳೋದೇ ಎಷ್ಟು ಗ್ರಾಂ ಅಂತ, ಅಲ್ವಾ? ಇವತ್ತು ನಾನು ಹೇಳೋ ಪದಕದ ಎತ್ತರ ಬರೀ 4.5 ಸೆಂಟಿಮೀಟರ್, ಅಂಗೈಯೊಳಗೆ ಮುಚ್ಚಿಟ್ಕೋಬಹುದು, ಆದ್ರೆ ಅಷ್ಟರಲ್ಲೇ 372 ಕಲ್ಲಿನ ಚೂರು ಕೂರಿಸಿದ್ದಾರೆ. ಚಿನ್ನದ ತೆಳು ಪಟ್ಟಿ ನಿಲ್ಸಿ ಸಣ್ಣಸಣ್ಣ ಮನೆ ಮಾಡಿ, ಒಂದೊಂದು ಮನೆಗೂ ಅಳತೆಗೆ ಸರಿಯಾಗಿ ಕಲ್ಲು ಕೊಯ್ದು ಇಟ್ಟಿರೋದು. ಎರಡು ಗಿಡುಗ ಎದುರುಬದುರು ನಿಂತಿವೆ, ನಡುವೆ ಪ್ರಾಚೀನ ಈಜಿಪ್ಟಿನ ರಾಜ ಎರಡನೇ ಸೆನುಸ್ರೆಟ್‌ನ ಹೆಸರು. ನೀಲಿ ಲ್ಯಾಪಿಸ್ ಕಲ್ಲು ಅಫ್ಘಾನಿಸ್ತಾನದ ಕಡೆಯಿಂದ ಬಂದಿದ್ದು, ಅದೂ ಸುಮಾರು 3,900 ವರ್ಷದ ಹಿಂದೆ!

ಇದು ಸಿತ್‌ಹಾಥೋರ್‌ಯುನೆಟ್ ಅನ್ನೋ ರಾಜಕುಮಾರಿದು (ಹೆಸರು ಹೇಳೋಕೆ ನಂಗೂ ನಾಲ್ಕು ಸಲ ಪ್ರಾಕ್ಟೀಸ್ ಬೇಕಾಯ್ತು). ಈಜಿಪ್ಟಿನ ಲಾಹುನ್‌ನಲ್ಲಿ ಅವಳ ಸಮಾಧಿಯನ್ನ ಕಳ್ಳರು ಎಂದೋ ದೋಚಿದ್ರು, ಆದ್ರೆ ಗೋಡೆಯ ಒಂದು ಗೂಡಿಗೆ ಮಳೆನೀರಿನ ಜತೆ ಬಂದ ಮಣ್ಣು ತುಂಬ್ಕೊಂಡಿತ್ತು, ಅದನ್ನ ಯಾರೂ ಮುಟ್ಟಿರ್ಲಿಲ್ಲ. 1914ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ತಂಡದವರು ಅಗೆದಾಗ ಆ ಮಣ್ಣಲ್ಲಿ ಚಿನ್ನ ಹೊಳೀತು. ಆ ತಂಡದ ಗೈ ಬ್ರಂಟನ್ ಅಂತ ಒಬ್ರು ದಿನಗಟ್ಟಲೆ ಅಲ್ಲೇ ಕೂತು, ರಾತ್ರಿನೂ ಸಮಾಧಿಯೊಳಗೇ ಮಲಗಿ, ಒಂದೊಂದೇ ಮಣಿ ಬಿಡಿಸಿದ್ರು. ದಾರ ಯಾವತ್ತೋ ಕೊಳೆತು ಹೋಗಿತ್ತು, ಹಾಗಾಗಿ ಯಾವ ಮಣಿ ಯಾವುದರ ಪಕ್ಕ ಬಿದ್ದಿದೆ ಅನ್ನೋದೇ ಅವರಿಗಿದ್ದ ಸುಳಿವು, ಅವಸರ ಮಾಡಿ ಬಾಚಿ ತೆಗೆದಿದ್ರೆ ನಮಗಿವತ್ತು ಒಂದು ಡಬ್ಬಿ ಬಿಡಿಮಣಿ ಸಿಕ್ತಿತ್ತು ಅಷ್ಟೆ.

ಆಗಿನ ಪದ್ಧತಿ ಏನಂದ್ರೆ, ಸಿಕ್ಕಿದ್ರಲ್ಲಿ ಕೈರೋ ಮ್ಯೂಸಿಯಂ ತನಗೆ ಬೇಕಾದ್ದು ಇಟ್ಕೊಂಡು ಉಳಿದಿದ್ದನ್ನ ಅಗೆದವರಿಗೆ ಬಿಡೋದು. ಹಂಗೆ ಉಳಿದಿದ್ದನ್ನ 1916ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೊಂಡ್ಕೊಳ್ತು. ದುಡ್ಡು ಯಾರದ್ದು ಗೊತ್ತಾ? ರೈಲ್ವೆದು! ಒಬ್ರು ರೈಲು ಇಂಜಿನ್ ತಯಾರಿಸ್ತಿದ್ದ ಜೇಕಬ್ ರಾಜರ್ಸ್, ತಮ್ಮ ಆಸ್ತಿ ಮ್ಯೂಸಿಯಂಗೆ ಬರೆದಿಟ್ಟು ಹೋದೋರು, ಇನ್ನೊಬ್ರು ರೈಲ್ವೆ ಮಾಲೀಕ ಹೆನ್ರಿ ವಾಲ್ಟರ್ಸ್, ಕಲಾವಸ್ತು ಕೂಡಿಡೋ ಹುಚ್ಚಿನೋರು. ಪದಕದ ಜತೆ ಇವರ ಹೆಸರು ಬರೆದಿರ್ತಾರೆ, ಮಣಿ ಬಿಡಿಸಿದ ಬ್ರಂಟನ್ ಹೆಸರು ಆ ಸಾಲಲ್ಲಿ ಇಲ್ಲ, ಗುದ್ದಲಿ ಹಿಡಿದ ಈಜಿಪ್ಟಿನ ಕೂಲಿಯವರದಂತೂ ಇಲ್ವೇ ಇಲ್ಲ, ನಂಗಂತೂ ಇದು ಸರಿ ಅನ್ಸಲ್ಲ.

ಮತ್ತೆ ಆ ಪಾಲು ಹೆಂಗಾಯ್ತು ನೋಡಿ: ರಾಜಕುಮಾರಿಯ ಕಿರೀಟ, ಮುಖ ನೋಡ್ಕೊಳ್ತಿದ್ದ ಬೆಳ್ಳಿ ಕನ್ನಡಿ ಕೈರೋಗೆ ಹೋದ್ವು, ಕತ್ತಿಗೆ ಹಾಕ್ಕೊಳ್ತಿದ್ದ ಈ ಪದಕದ ಸರ ನ್ಯೂಯಾರ್ಕಿಗೆ ಬಂತು.